ಉಜ್ಜಿದ ನಾಣ್ಯ, ಉಜ್ಜದ ನಾಣ್ಯ

ನಿಮ್ಮ ಮನೆಯಲ್ಲೂ ಒಂದು ಹಳೆಯ ಡಬ್ಬಿ ಇರುತ್ತದೆ. ಅದರೊಳಗೆ ಕಿತ್ತುಹೋದ ಗುಂಡಿಗಳು, ಬೀಗ ಕಳೆದುಹೋದ ಕೀಲಿಕೈ, ಯಾರದೋ ನಿಂತುಹೋದ ಕೈಗಡಿಯಾರ. ಎಸೆಯಲು ಮನಸ್ಸು ಬಾರದ್ದೆಲ್ಲ ಹೋಗಿ ಸೇರುವುದು ಅಲ್ಲಿಗೇ. ಅದರ ತಳದಲ್ಲಿ ಒಂದು ಹಳೆಯ ನಾಣ್ಯವೂ ಇದ್ದರೆ ಈ ಕಥೆ ನಿಮಗಾಗಿಯೇ ಹೇಳುತ್ತಿದ್ದೇನೆ. ಇಲ್ಲದಿದ್ದರೂ ಕೇಳಿ, ಪಕ್ಕದ ಮನೆಯವರ ಡಬ್ಬಿಯಲ್ಲಿ ಇರಬಹುದು.

ನನ್ನದು ನೂಲು, ಗುಂಡಿ, ಲೇಸು ಮಾರುವ ಪುಟ್ಟ ಅಂಗಡಿ. ಎಡಕ್ಕೆ ಲೋಹದ ಸಾಮಾನು ಪಾಲಿಶ್ ಮಾಡುವ ಅಂಗಡಿ, ಬಲಕ್ಕೆ ದರ್ಜಿ ಅಂಗಡಿ. ಎಡಗಡೆ ಪಾಲಿಶ್ ಮಾಡುವವನು ಅಣ್ಣ, ಬಲಗಡೆ ಹೊಲಿಯುವವಳು ಅವನ ಒಡಹುಟ್ಟಿದ ತಂಗಿ. ನಡುವೆ ನಾನು. ಇಬ್ಬರೂ ಚೆನ್ನಾಗಿದ್ದಾಗ ಟೀ ಕುಡಿಯುವುದು ನನ್ನ ಅಂಗಡಿಯಲ್ಲಿ, ಮನಸ್ಸು ಕೆಟ್ಟಾಗ ದೂರು ಹೇಳುವುದೂ ನನ್ನ ಅಂಗಡಿಯಲ್ಲೇ.

ಅಣ್ಣನಿಗೆ ನಮ್ಮ ಬೀದಿ ಇಟ್ಟ ಹೆಸರು ಫಳಫಳಣ್ಣ. ಹಿತ್ತಾಳೆಯ ನಾಮಫಲಕ, ಬಹುಮಾನದ ಕಪ್, ಬ್ಯಾಂಡಿನವರ ತುತ್ತೂರಿ, ಏನು ಕೊಟ್ಟರೂ ಮುಖ ಕಾಣುವ ಹಾಗೆ ಹೊಳೆಯಿಸಿ ಕೊಡುತ್ತಾನೆ. ಮಾಸಿದ್ದು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ನನ್ನ ಜೊತೆ ಮಾತಾಡುತ್ತಲೇ ನನ್ನ ಕತ್ತರಿಯ ಹಿಡಿಯನ್ನು ಉಜ್ಜಿ ಮುಗಿಸಿದ್ದ. ಅದು ಕೈಯಲ್ಲಿ ಜಾರತೊಡಗಿ, ನಾನು ಚಿಂದಿ ಸುತ್ತಿಕೊಂಡು ಕತ್ತರಿಸಬೇಕಾಯಿತು. ಇಷ್ಟೆಲ್ಲ ಮಾಡುವವನ ಸ್ವಂತ ಮನೆಯ ಬಾಗಿಲ ಹಿಡಿ ಮಾತ್ರ ಕಪ್ಪಿಟ್ಟು ಕೂತಿದೆ. ನಮ್ಮದು ತಾನೇ, ಆಮೇಲೆ ಮಾಡಿದರಾಯಿತು ಅನ್ನುತ್ತಾನಂತೆ. ಅವನ ಹೆಂಡತಿ ಹೇಳಿ ಹೇಳಿ ಸೋತಿದ್ದಾಳೆ. ಈ ಬಾಗಿಲ ಹಿಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಅಮ್ಮ ತೀರಿಕೊಂಡ ಮೇಲೆ ಗುಂಡಿಯ ಡಬ್ಬಿಯಲ್ಲಿ ಎರಡು ಚಿನ್ನದ ನಾಣ್ಯಗಳು ಸಿಕ್ಕವು. ಮಗನಿಗೊಂದು, ಮಗಳಿಗೊಂದು ಎಂದು ಅವರು ಬದುಕಿದ್ದಾಗಲೇ ಹೇಳಿದ್ದರು. ಎರಡೂ ಒಂದೇ ಥರದವು, ಬೆರಳುಗುರಿನಷ್ಟು ಪುಟ್ಟವು. ಒಂದು ಕಡೆ ಹಳೆಯ ಕಾಲದ ಯಾವುದೋ ದೊರೆಯ ಮುಖ, ಇನ್ನೊಂದು ಕಡೆ ಹಡಗು. ಮೇಲೆಲ್ಲ ಮಬ್ಬು ಮಬ್ಬಾದ ಕೆಂಪು ಛಾಯೆ. ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಒಟ್ಟಿಗಿಟ್ಟರೆ ಇವೂ ನಮ್ಮ ಹಾಗೆ ಜಗಳ ಆಡುತ್ತವೆ ಎಂದುಕೊಂಡಿರಬೇಕು ಅಮ್ಮ ಎಂದು ಅಣ್ಣ ತಂಗಿ ಅಳುವಿನ ನಡುವೆಯೂ ನಕ್ಕಿದ್ದರು.

ತಂಗಿಗೆ ಆ ನಾಣ್ಯ ಬಹಳ ದೊಡ್ಡ ಆಸರೆ. ಅವಳು ಹೊಲಿಯುವುದು ದರ್ಜಿ ಅಂಗಡಿಯ ಯಜಮಾನರ ಮಷೀನಿನಲ್ಲಿ. ಯಜಮಾನರಿಗೆ ಕಣ್ಣು ಮಂಜಾಗಿದೆ, ಈ ವರ್ಷ ಮುಗಿದರೆ ಅಂಗಡಿ ಮುಚ್ಚುತ್ತೇನೆ ಎಂದು ಹೇಳಿಬಿಟ್ಟಿದ್ದಾರೆ. ಅಷ್ಟರೊಳಗೆ ಸ್ವಂತ ಮಷೀನು ಇದ್ದರೆ ಮನೆಯಲ್ಲೇ ಕೂತು ಹೊಲಿಯಬಹುದು, ಇಲ್ಲದಿದ್ದರೆ ಕೈಕಟ್ಟಿ ಕೂರಬೇಕು. ಗಂಡನಿಲ್ಲದ ಹೆಂಗಸು, ಕೈಕಟ್ಟಿ ಕೂತರೆ ಒಲೆ ಉರಿಯುವುದಿಲ್ಲ. ಹಳೆಯ ನಾಣ್ಯಗಳನ್ನು ಸಂಗ್ರಹ ಮಾಡುವವರು ಚಿನ್ನದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಮಾರಿ ಮಷೀನು ಕೊಳ್ಳುತ್ತೇನೆ ಎಂದು ಅವಳು ನಿರ್ಧಾರ ಮಾಡಿದಳು.

ನಾಣ್ಯಗಳಿದ್ದದ್ದು ಅಣ್ಣನ ಮನೆಯಲ್ಲಿ. ನಾಳೆ ತಂದುಕೊಡು ಎಂದು ತಂಗಿ ಕೇಳಿದಳು. ಅವನು ತರುವಾಗ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ನನ್ನ ಅಂಗಡಿಯ ಗಾಜಿನ ಮೇಲೆ ನಾಣ್ಯವನ್ನು ಇಟ್ಟಾಗ ನಿಜವಾಗಿ ನನ್ನ ಕಣ್ಣು ಕೋರೈಸಿತು. ಮೊದಲು ಪೇಸ್ಟ್ ಹಾಕಿ ಕೈಯಲ್ಲಿ ಉಜ್ಜಿ, ಆಮೇಲೆ ಗಿರಗಿರ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು, ಹೊಸದಾಗಿ ಅಂಗಡಿಯಿಂದ ತಂದಂತೆ ಮಾಡಿದ್ದ.

"ನನ್ನ ತಂಗಿ ಕೈಗೆ ಮಾಸಿದ ನಾಣ್ಯ ಕೊಡ್ತೀನಾ ಅಕ್ಕ? ಈಗ ಯಾರಾದ್ರೂ ಬೇಡ ಅನ್ನಲಿ ನೋಡೋಣ," ಅಂದ.

ತಂಗಿ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನೂ ಚೆನ್ನಾಗಿದೆ ಅಂದೆ. ನಮಗೆ ಯಾರಿಗೂ ಏನೂ ತಿಳಿದಿರಲಿಲ್ಲ.

ಮರುದಿನ ಅವಳು ಚಿನ್ನದಂಗಡಿಗೆ ಹೋದಳು. ಅಂಗಡಿಯವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರದಲ್ಲಿಟ್ಟು ನೋಡಿ ಚಿನ್ನವೇನೋ ಸರಿಯಾಗಿದೆ ಅಂದರು. ಆದರೆ ಇಂಥ ನಾಣ್ಯ ಇರಬೇಕಾದ ತೂಕಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂತು. ದೊರೆಯ ಕೂದಲು, ಗಡ್ಡ, ಹಡಗಿನ ಹಗ್ಗಗಳೆಲ್ಲ ಇರಬೇಕಾದಷ್ಟು ಚುರುಕಾಗಿರಲಿಲ್ಲ. ಇಷ್ಟು ಹಳೆಯ ನಾಣ್ಯ ಇಷ್ಟು ಹೊಳೆಯುವುದನ್ನು ತಾವು ನೋಡಿಲ್ಲ, ಅಸಲಿ ಚಿನ್ನದಲ್ಲೇ ಹೊಸದಾಗಿ ಮಾಡಿದ ನಕಲು ನಾಣ್ಯಗಳೂ ಪೇಟೆಯಲ್ಲಿವೆ ಎಂದು ಅವರು ವಿವರಿಸಿದರು. ಚಿನ್ನ ಅಸಲಿ ಅನ್ನುತ್ತೇನೆ, ನಾಣ್ಯ ಅಸಲಿ ಅನ್ನಲು ನನಗೆ ಧೈರ್ಯವಿಲ್ಲ, ಬೇಕಾದರೆ ಕರಗಿಸುವ ಬೆಲೆಗೆ ಕೊಳ್ಳುತ್ತೇನೆ ಅಂದರು. ಅಷ್ಟು ಪುಟ್ಟ ನಾಣ್ಯದ ಚಿನ್ನದ ಬೆಲೆಗೆ ಮಷೀನು ಬರುವುದಿಲ್ಲ, ಬಂದರೆ ಅದರ ಮೇಜು ಬರಬಹುದು.

ಅವಳು ನೆಟ್ಟಗೆ ನನ್ನ ಅಂಗಡಿಗೆ ಬಂದು ಕೂತಳು.

"ಅಮ್ಮನ ನಾಣ್ಯ ಕೆಂಪಗೆ ಇತ್ತಲ್ಲಾ ಅಕ್ಕ. ಅಣ್ಣನ ಹತ್ರ ಇರೋದು ಈಗ್ಲೂ ಹಾಗೇ ಇದೆ, ನಿನ್ನೆ ಸಂಜೆ ಅವನ ಮನೇಲಿ ಡಬ್ಬಿ ತೆಗೆದು ನಾನೇ ನೋಡಿದೀನಿ. ನನ್ನದು ಮಾತ್ರ ಹೊಸದು. ಅವನು ಅಮ್ಮಂದು ಇಟ್ಕೊಂಡು ನಂಗೆ ಬೇರೆ ಕೊಟ್ಟಿದಾನೆ."

ನನಗೆ ಕೇಳಿ ಸಂಕಟವಾಯಿತು. ಫಳಫಳಣ್ಣನ ತಲೆಯಲ್ಲಿ ಪೇಸ್ಟು ಬ್ರಷ್ಷು ಬಿಟ್ಟು ಬೇರೇನೂ ಇಲ್ಲದಿರಬಹುದು, ಮೋಸವಂತೂ ಇಲ್ಲ. ಅದನ್ನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಹಾಗಾದರೆ ಅವನದು ಯಾಕೆ ಹೊಳೆಯುವುದಿಲ್ಲ, ಒಂದೇ ಕೈ ಎರಡನ್ನೂ ಯಾಕೆ ಉಜ್ಜಲಿಲ್ಲ ಎಂದು ಕೇಳಿದಳು. ಸಿಟ್ಟಿನ ಭರದಲ್ಲಿ ಅವಳು ನಾಣ್ಯ ಕರಗಿಸಲು ಕೊಟ್ಟುಬಿಡುತ್ತೇನೆ, ಅವನ ಸಹವಾಸವೇ ಬೇಡ ಎಂದು ಎದ್ದು ನಿಂತಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಕರಗಿಸಿದ ಮೇಲೆ ಅದು ಅಮ್ಮನದೋ ಅಲ್ಲವೋ ಎಂದು ಕೇಳಲು ನಾಣ್ಯವೇ ಇರುವುದಿಲ್ಲ, ಒಂದು ಸಲ ತಿಳಿದವರಿಗೆ ತೋರಿಸೋಣ, ಆಮೇಲೆ ನಿನ್ನಿಷ್ಟ ಅಂದೆ.

ತಿಳಿದವಳು ನನ್ನ ಚಿಕ್ಕಮ್ಮನ ಮಗಳು. ನಾಣ್ಯ ಸಂಗ್ರಹ ಮಾಡುವವರ ಸಂಘದಲ್ಲಿ ನಾಣ್ಯಗಳನ್ನು ಪರೀಕ್ಷೆ ಮಾಡಿ, ಅಸಲಿಯೋ ನಕಲಿಯೋ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹೇಳುವುದು ಅವಳ ಕೆಲಸ. ನಮ್ಮ ಮನೆಯ ಮಕ್ಕಳು ಅವಳನ್ನು ಭೂತಗನ್ನಡಿ ಅಕ್ಕ ಅನ್ನುತ್ತಾರೆ. ಎರಡೂ ನಾಣ್ಯ ತನ್ನಿ, ಇಬ್ಬರೂ ಬನ್ನಿ ಎಂದು ಅವಳು ಫೋನಿನಲ್ಲಿ ಹೇಳಿದಳು. ಫಳಫಳಣ್ಣನಿಗೆ ನಾನು ವಿಷಯ ತಿಳಿಸಿದೆ. ತಂಗಿಯ ಅನುಮಾನ ಕೇಳಿ ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಇಟ್ಟು, ಅಂಗಡಿ ಬಾಗಿಲು ಎಳೆದುಕೊಂಡು ಮನೆಗೆ ಹೋದ. ಹಗಲು ಹೊತ್ತಿನಲ್ಲಿ ಅವನು ಬಾಗಿಲು ಹಾಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಂಘದ ಕೋಣೆ ಚಿಕ್ಕದು. ಕಿಟಕಿಯ ಪಕ್ಕ ಒಂದು ಮೇಜು, ಬಗ್ಗಿಸಬಹುದಾದ ದೀಪ, ಸಣ್ಣ ತಕ್ಕಡಿ, ಅಳತೆಯ ಸಾಧನ, ಮೆತ್ತನೆಯ ಕಪ್ಪು ಬಟ್ಟೆ. ಅಣ್ಣ ಒಂದು ತುದಿಯಲ್ಲಿ, ತಂಗಿ ಇನ್ನೊಂದು ತುದಿಯಲ್ಲಿ ಕೂತರು. ಅಣ್ಣನ ಪಕ್ಕದಲ್ಲಿ ಅತ್ತಿಗೆ. ಭೂತಗನ್ನಡಿ ಅಕ್ಕ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದೆತ್ತಿದಳು. ಮುಖದ ಮೇಲೆ ಬೆರಳಿಟ್ಟರೆ ಬೆವರಿನ ಗುರುತು ಉಳಿದುಬಿಡುತ್ತದೆ, ಅದಕ್ಕೇ ಎಂದು ಹೇಳಿದಳು. ಆ ಮೆತ್ತನೆಯ ಬಟ್ಟೆ ಯಾಕೆ ಎಂದು ನಾನು ಕೇಳಿದೆ. ಕೈ ಜಾರಿದರೆ ನಾಣ್ಯಕ್ಕೆ ಪೆಟ್ಟಾಗಬಾರದಲ್ಲ ಎಂದು ನಕ್ಕಳು.

ಮೊದಲು ಹೊಳೆಯುವ ನಾಣ್ಯ. ದೀಪದ ಕೆಳಗೆ ಅದನ್ನು ನಿಧಾನವಾಗಿ ಓರೆ ಮಾಡಿದಳು. ಒಮ್ಮೆ, ಇನ್ನೊಮ್ಮೆ. ಆಮೇಲೆ ತಲೆಯೆತ್ತಿ, ಇದನ್ನು ಯಾರು ಉಜ್ಜಿದ್ದು ಎಂದು ಕೇಳಿದಳು.

ಫಳಫಳಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಪಾಪ, ಹೊಗಳಿಕೆ ಬರುತ್ತದೆ ಅಂದುಕೊಂಡಿದ್ದ. "ನಾನೇ ಮೇಡಂ. ಪೂರ್ತಿ ಒಂದು ಮಧ್ಯಾಹ್ನ ಕೂತು ಮಾಡಿದ್ದು."

ಅವಳು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟಳು. ಅವನು ಬಗ್ಗಿ ನೋಡಿದ. ದೊರೆಯ ಕೆನ್ನೆಯ ಮೇಲೆಲ್ಲ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರುಗಳು. ಬರಿಗಣ್ಣಿಗೆ ಅದೇ ಹೊಳಪಾಗಿ ಕಾಣುತ್ತಿತ್ತು.

"ಇದು ನನ್ನ ಚಕ್ರದ ಗೀರು," ಅಂದ. "ನನ್ನ ಕೈ ನಂಗೆ ಗೊತ್ತಾಗಲ್ವಾ?"

ಚಿನ್ನ ಮೆತ್ತಗಿನ ಲೋಹ, ಚಕ್ರಕ್ಕೆ ಹಿಡಿದರೆ ಮೇಲಿನ ಪದರವೇ ಸವೆದು ಹೋಗುತ್ತದೆ ಎಂದು ಭೂತಗನ್ನಡಿ ಅಕ್ಕ ಮೆಲ್ಲಗೆ ಹೇಳಿದಳು. ಕೂದಲೆಳೆಯಷ್ಟು ಕಡಿಮೆಯಾದ ತೂಕ ಎಲ್ಲಿಗೂ ಹೋಗಿಲ್ಲ, ಅವನ ಚಕ್ರದ ಬಟ್ಟೆಯಲ್ಲೇ ಇದೆ. ದೊರೆಯ ಗಡ್ಡದ ಎಳೆಗಳೂ ಅಲ್ಲಿಗೇ ಹೋಗಿವೆ. ಇನ್ನು ಆ ಕೆಂಪು ಛಾಯೆ. ನಾಣ್ಯ ಗಟ್ಟಿಯಾಗಿರಲಿ ಎಂದು ಚಿನ್ನಕ್ಕೆ ತಾಮ್ರ ಸೇರಿಸಿರುತ್ತಾರೆ, ಕಾಲ ಕಳೆದ ಹಾಗೆ ಅದೇ ಕೆಂಪಗೆ ಮೇಲೆ ಬರುತ್ತದೆ.

ಫಳಫಳಣ್ಣ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಕೊಳಕು ನಾಣ್ಯಕ್ಕೆ ಹೆಚ್ಚು ಬೆಲೆ, ತೊಳೆದ ನಾಣ್ಯಕ್ಕೆ ಕಡಿಮೆ ಬೆಲೆ, ಇದೆಲ್ಲಿಯ ನ್ಯಾಯ ಎಂದು ವಾದಕ್ಕಿಳಿದ. ಅವನ ಜೀವಮಾನವೇ ಅದರ ಉಲ್ಟಾ ನಡೆದಿದೆ.

"ಅದು ಕೊಳೆ ಅಲ್ಲಪ್ಪ, ಅದರ ವಯಸ್ಸು," ಅಂದಳು ಅವಳು. "ಸಂಗ್ರಹ ಮಾಡೋರು ಚಿನ್ನಕ್ಕಷ್ಟೇ ದುಡ್ಡು ಕೊಡಲ್ಲ. ನಾಣ್ಯ ಅಚ್ಚು ಹಾಕೋ ಟಂಕಸಾಲೆಯಿಂದ ಹೊರಗೆ ಬಂದಾಗ ಹೇಗಿತ್ತೋ, ಅದಕ್ಕೆ ಎಷ್ಟು ಹತ್ತಿರ ಉಳಿದಿದೆ ಅನ್ನೋದಕ್ಕೆ ಕೊಡ್ತಾರೆ. ಒಂದು ಸಲ ಉಜ್ಜಿದ್ದನ್ನ ವಾಪಸ್ ತರೋಕೆ ಯಾರಿಂದಲೂ ಆಗಲ್ಲ."

ತಂಗಿ ಅಣ್ಣನನ್ನು ನೋಡದೆ, ಭೂತಗನ್ನಡಿ ಅಕ್ಕನನ್ನೇ ಕೇಳಿದಳು.

"ಬೆಲೆ ಹೋದ್ರೆ ಹೋಗ್ಲಿ. ಇದು ನಮ್ಮಮ್ಮಂದೇ ಹೌದಾ ಅಂತ ಹೇಳಿ, ಸಾಕು."

ಭೂತಗನ್ನಡಿ ಅಕ್ಕ ಅವಸರ ಮಾಡಲಿಲ್ಲ. ಎರಡನ್ನೂ ತೂಗಿದಳು. ಅಗಲ ಅಳೆದಳು, ದಪ್ಪ ಅಳೆದಳು. ಅಂಚಿನ ಗೆರೆಗಳನ್ನು ಸುತ್ತಲೂ ತಿರುಗಿಸಿ ನೋಡಿದಳು. ನಕಲು ಮಾಡುವವರು ಮುಖವನ್ನು ಚೆನ್ನಾಗಿ ಮಾಡುತ್ತಾರೆ, ಅಂಚಿನಲ್ಲಿ ಸಿಕ್ಕಿಬೀಳುತ್ತಾರೆ ಎಂದಳು. ಅಸಲಿ ನಾಣ್ಯದ ಚಿತ್ರಗಳಿದ್ದ ಪುಸ್ತಕ ತೆಗೆದು ಅಕ್ಷರಗಳ ಆಕಾರ ಹೋಲಿಸಿದಳು. ಆಯಸ್ಕಾಂತ ಹಿಡಿದು ನೋಡಬಾರದೇ ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅಂಟಿಕೊಂಡರೆ ಚಿನ್ನವಲ್ಲ ಎಂದು ಗೊತ್ತಾಗುತ್ತದೆ, ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ, ತಾಮ್ರವೂ ಅಂಟುವುದಿಲ್ಲವಲ್ಲ ಎಂದಳು. ಹಲ್ಲಿನಲ್ಲಿ ಕಚ್ಚಿ ನೋಡುವುದು, ಕಲ್ಲಿಗೆ ಉಜ್ಜಿ ಆ್ಯಸಿಡ್ ಹಾಕುವುದಂತೂ ಬೇಡವೇ ಬೇಡ. ಅಸಲಿಯೇ ಆಗಿದ್ದರೂ ಆ ಪರೀಕ್ಷೆಯಲ್ಲೇ ಕೆಟ್ಟುಹೋಗುತ್ತದೆ.

ಕೊನೆಗೆ ಎರಡು ನಾಣ್ಯಗಳನ್ನೂ ಪಕ್ಕಪಕ್ಕ ಇಟ್ಟು ತಂಗಿಯನ್ನು ಹತ್ತಿರ ಕರೆದಳು. ಹಡಗಿನ ಕೆಳಗೆ, ನೀರಿನ ಅಲೆಯಿಂದ ಅಂಚಿನವರೆಗೆ ನೋಡು ಅಂದಳು. ಕೆಂಪು ನಾಣ್ಯದಲ್ಲಿ ಅಲ್ಲೊಂದು ಎಳೆಯಂಥ ಗೆರೆ ಉಬ್ಬಿ ನಿಂತಿತ್ತು, ಕೊನೆಯಲ್ಲಿ ಸ್ವಲ್ಪ ಡೊಂಕು. ಹೊಳೆಯುವ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗೆರೆ, ಅದೇ ಡೊಂಕು. ಚಕ್ರದ ಉಜ್ಜಾಟಕ್ಕೆ ತೆಳುವಾಗಿತ್ತು, ಆದರೆ ಇತ್ತು.

"ಟಂಕಸಾಲೆಯ ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಹೀಗೆ ಉಬ್ಬಿದ ಗೆರೆ ಬೀಳುತ್ತೆ," ಎಂದು ಅವಳು ವಿವರಿಸಿದಳು. "ಈ ಗೆರೆ ಇರೋ ಅಚ್ಚು ನಮ್ಮ ಪುಸ್ತಕದಲ್ಲೂ ಇದೆ. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಥರದ ಕುಳಿ, ಪೆಟ್ಟು ಇದ್ದಿದ್ರೆ, ಒಂದೇ ನಾಣ್ಯದಿಂದ ಎರಕ ತೆಗೆದ ನಕಲಿ ಇರಬಹುದು ಅಂತ ನಂಗೇ ಅನುಮಾನ ಬರ್ತಿತ್ತು. ಇದು ಹಾಗಲ್ಲ. ಅಳತೆ, ಅಂಚು, ಅಕ್ಷರ ಎಲ್ಲ ಸರಿ ಇದೆ. ಎರಡೂ ಅಸಲಿ, ಒಂದೇ ಅಚ್ಚಿನಲ್ಲಿ ಹುಟ್ಟಿದವು. ನಿಮ್ಮಣ್ಣ ಬೇರೆ ನಾಣ್ಯ ತರೋಕೆ ಹೋಗಿದ್ರೆ, ಇದರ ಜೊತೆಯದನ್ನ ಎಲ್ಲಿಂದ ತರ್ತಿದ್ರು?"

ತಂಗಿ ಭೂತಗನ್ನಡಿ ಹಿಡಿದುಕೊಂಡೇ ಇದ್ದಳು. ಕಣ್ಣು ತುಂಬಿ ಬಂದು ಏನೂ ಕಾಣದಾದ ಮೇಲೂ ಹಿಡಿದೇ ಇದ್ದಳು. ಆದರೂ ಮನಸ್ಸಿನ ಮೂಲೆಯಲ್ಲಿ ಉಳಿದದ್ದು ಹೊರಗೆ ಬಂತು.

"ಹಾಗಾದ್ರೆ ನಿಂದು ಯಾಕೆ ಉಜ್ಜಲಿಲ್ಲ ಅಣ್ಣ?"

ಉತ್ತರ ಹೇಳಿದ್ದು ಅತ್ತಿಗೆ.

"ನಮ್ಮ ಮನೆ ಬಾಗಿಲ ಹಿಡಿ ನೋಡಿದೀಯಲ್ಲಮ್ಮ. ಇವರು ತಮ್ಮದು ಅಂತ ಯಾವತ್ತಾದ್ರೂ ಏನಾದ್ರೂ ಉಜ್ಜಿದಾರಾ? ನಿಂದು ಅಂತ ಊಟ ಬಿಟ್ಟು ಕೂತು ಉಜ್ಜಿದ್ರು. ತಮ್ಮದು ಆಮೇಲೆ ಮಾಡಿದ್ರಾಯ್ತು ಅಂತ ಬಟ್ಟೆನೂ ಬಿಚ್ಚಲಿಲ್ಲ."

ಪ್ರೀತಿಯಿಂದ ಮಾಡಿದ್ದು ಹಾಳಾಗಿತ್ತು, ಸೋಮಾರಿತನದಿಂದ ಬಿಟ್ಟದ್ದು ಉಳಿದಿತ್ತು. ನನಗಂತೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಂಗಿ ಎದ್ದುಹೋಗಿ ಅಣ್ಣನ ಪಕ್ಕದಲ್ಲಿ ಕೂತಳು. ಅವನು ಕೆಂಪು ನಾಣ್ಯವನ್ನು, ಆಗ ತಾನೇ ಕಲಿತ ಹಾಗೆ ಅಂಚಿನಲ್ಲಿ ಹಿಡಿದು, ಅವಳ ಮುಂದೆ ಇಟ್ಟ. ಹೊಳೆಯುವುದನ್ನು ತನ್ನ ಕಡೆ ಎಳೆದುಕೊಂಡ.

ಕೆಂಪು ನಾಣ್ಯವನ್ನು ಹೇಗೆ ಮಾರುವುದು ಎಂಬ ಮಾತು ಆಮೇಲೆ ಬಂತು. ನಾಣ್ಯಗಳಿಗೆ ಗ್ರೇಡ್ ಕೊಡುವ ಸಂಸ್ಥೆಗಳಿವೆ ಎಂದು ಭೂತಗನ್ನಡಿ ಅಕ್ಕ ಹೇಳಿದಳು. ಅವರು ಮೊದಲು ಅಸಲಿಯೇ ಎಂದು ನೋಡಿ, ಆಮೇಲೆ ಎಷ್ಟು ಚೆನ್ನಾಗಿ ಉಳಿದಿದೆ ಎಂಬುದಕ್ಕೆ ಒಂದರಿಂದ ಎಪ್ಪತ್ತರ ನಡುವೆ ಒಂದು ಅಂಕ ಕೊಡುತ್ತಾರೆ, ಮತ್ತೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕುತ್ತಾರೆ. ಉಜ್ಜಿದ ನಾಣ್ಯವಾದರೆ ಅಸಲಿ ಎಂದು ಬರೆಯುತ್ತಾರೆ, ಆದರೆ ಸಾಮಾನ್ಯವಾಗಿ ಅಂಕ ಕೊಡುವುದಿಲ್ಲ, ಉಜ್ಜಲಾಗಿದೆ ಎಂದು ಪಕ್ಕದಲ್ಲೇ ನಮೂದಿಸುತ್ತಾರೆ. ತಂಗಿಗೆ ಮತ್ತೆ ಅನುಮಾನ. ಅವರಿಗೆ ಶುಲ್ಕ ಬೇರೆ ಕೊಡಬೇಕು, ದುಡ್ಡು ದಂಡವಾಗುವುದಿಲ್ಲವೇ ಎಂದು ಕೇಳಿದಳು. ಎಲ್ಲ ನಾಣ್ಯಕ್ಕೂ ಅದು ಲಾಭವಲ್ಲ, ಸಾಧಾರಣ ನಾಣ್ಯಕ್ಕೆ ಶುಲ್ಕವೇ ಭಾರವಾಗಬಹುದು, ಅದಕ್ಕೇ ಮೊದಲು ತಿಳಿದವರಿಗೆ ತೋರಿಸಿ ಕೇಳಬೇಕು, ಇದಕ್ಕಂತೂ ಮಾಡಿಸು ಎಂದು ಭೂತಗನ್ನಡಿ ಅಕ್ಕ ನೇರವಾಗಿ ಹೇಳಿದಳು. ಕೊಳ್ಳುವವರಿಗೂ ಒಂದು ಮಾತು ಹೇಳಿದಳು, ನಾನು ಕಿವಿಗೊಟ್ಟು ಕೇಳಿಸಿಕೊಂಡೆ. ಪೆಟ್ಟಿಗೆ ಇದೆ ಎಂದು ಕಣ್ಣುಮುಚ್ಚಿ ನಂಬಬಾರದು, ನಕಲಿ ಪೆಟ್ಟಿಗೆಗಳೂ ಇರುತ್ತವೆ. ಅದರ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಬರುವ ಚಿತ್ರಕ್ಕೂ ಕೈಯಲ್ಲಿರುವ ನಾಣ್ಯಕ್ಕೂ ಹೋಲಿಕೆ ಇದೆಯೇ ಎಂದು ನೋಡಬೇಕು. ಈಗಲೇ ಕೊಳ್ಳಿ, ಇಲ್ಲದಿದ್ದರೆ ಕೈತಪ್ಪುತ್ತದೆ ಎಂದು ಅವಸರ ಮಾಡುವವನಿಂದ ಏನನ್ನೂ ಕೊಳ್ಳಬಾರದು.

ಹೊರಡುವಾಗ ಅವಳು ಆ ಎರಡು ಹತ್ತಿಬಟ್ಟೆಗಳನ್ನು ಎತ್ತಿ ನೋಡಿದಳು. ಇದನ್ನು ಸುತ್ತಿಟ್ಟವರಿಗೆ ನಮಸ್ಕಾರ ಹೇಳಬೇಕು, ಬೇರೆ ಬೇರೆ ಇಟ್ಟಿದ್ದಕ್ಕೇ ಇವು ಒಂದಕ್ಕೊಂದು ತಾಗಿ ಗೀರು ಬಿದ್ದಿಲ್ಲ ಎಂದಳು. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆಂಪು ನಾಣ್ಯಕ್ಕೆ ಒಳ್ಳೆಯ ಅಂಕವೇ ಬಂತು. ಸಂಘದ ಮೂಲಕ ಸಂಗ್ರಹ ಮಾಡುವವರೊಬ್ಬರು ಕೊಂಡರು. ತಂಗಿ ಅಣ್ಣನಿಗೆ ಪಾಲು ಕೊಡಲು ಹೋದಳು, ನನ್ನ ನಾಣ್ಯ ನನ್ನ ಹತ್ತಿರವೇ ಇದೆಯಲ್ಲ ಎಂದು ಅವನು ತೆಗೆದುಕೊಳ್ಳಲಿಲ್ಲ. ಆ ಹೊಳೆಯುವ ನಾಣ್ಯ ಅಮ್ಮನ ಬಟ್ಟೆಯಲ್ಲಿ ಸುತ್ತಿಕೊಂಡು ಅದೇ ಡಬ್ಬಿಯಲ್ಲಿದೆ. ಈಗ ಅವನ ಅಂಗಡಿಯಲ್ಲಿ ಹೊಸದೊಂದು ಬೋರ್ಡು ಬಂದಿದೆ. ಹಳೆಯ ನಾಣ್ಯ ಉಜ್ಜುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾನೆ. ಯಾರಾದರೂ ನಾಣ್ಯ ತಂದರೆ ಮುಟ್ಟುವುದೂ ಇಲ್ಲ, ಅಂಚಿನಲ್ಲಿ ಹಿಡ್ಕೊಳ್ಳಿ ಸಾರ್ ಎಂದು ಅವರಿಗೇ ಪಾಠ ಹೇಳಿ ಕಳಿಸುತ್ತಾನೆ.

ತಂಗಿ ಕೊಂಡ ಮಷೀನು ಬಳಸಿದ್ದೇ, ಆದರೆ ಗಟ್ಟಿ. ಅದು ಅವಳ ಮನೆಗೆ ಬಂದ ದಿನ ನಾವೆಲ್ಲ ಹೋಗಿದ್ದೆವು. ಅದರ ಚಕ್ರ ಕಂದಿಹೋಗಿತ್ತು. ಫಳಫಳಣ್ಣನ ಕೈ ತಾನಾಗಿ ಜೇಬಿನ ಬಟ್ಟೆಗೆ ಹೋಯಿತು, ಅರ್ಧದಲ್ಲೇ ನಿಂತಿತು. ಅವನು ಮೆಲ್ಲಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ. ಅದನ್ನು ನಾನು ನೋಡಿದೆ. ತಂಗಿಯೂ ನೋಡಿದಳು.

"ಇದನ್ನ ಉಜ್ಜಣ್ಣ," ಅಂದಳು. "ಇದು ನಂದು. ಚೆನ್ನಾಗಿ ಉಜ್ಜು."

ಅವನು ಕೂತು ಉಜ್ಜಿದ. ಮುಖ ಕಾಣುವ ಹಾಗೆ ಉಜ್ಜಿದ.

ಓದುವವರೇ, ಕೇಳುವವರೇ, ಇಂದು ಮನೆಗೆ ಹೋಗಿ ನಿಮ್ಮ ಡಬ್ಬಿಯನ್ನು ತೆರೆದು ನೋಡಿ. ಹಳೆಯ ನಾಣ್ಯ ಸಿಕ್ಕರೆ ಸೋಪು, ಹುಣಸೆಹುಳಿ, ಪೇಸ್ಟು, ಬ್ರಷ್ಷು ಯಾವುದನ್ನೂ ಹತ್ತಿರ ತರಬೇಡಿ. ಅಂಟುಟೇಪು ಹಚ್ಚಬೇಡಿ, ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಬೇಡಿ, ಅವುಗಳ ಜಿಗುಟು ಕಾಲ ಕಳೆದ ಹಾಗೆ ನಾಣ್ಯಕ್ಕೆ ಹಿಡಿಯುತ್ತದೆ. ಅಂಚಿನಲ್ಲಿ ಹಿಡಿದೆತ್ತಿ, ಒಂದೊಂದನ್ನೂ ಬೇರೆ ಬೇರೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಕರಗಿಸುವ ಮೊದಲು, ಮಾರುವ ಮೊದಲು, ಕೊಳ್ಳುವ ಮೊದಲು ನಾಣ್ಯ ತಿಳಿದವರಿಗೆ ಒಂದು ಸಲ ತೋರಿಸಿ. ಅದಕ್ಕಿಂತ ಮೊದಲು ಮನೆಯವರ ಮೇಲೆ ಅನುಮಾನ ಪಡಬೇಡಿ. ಕೈ ತುರಿಸಿ, ಏನಾದರೂ ಉಜ್ಜಲೇಬೇಕು ಅನ್ನಿಸಿದರೆ, ನಿಮ್ಮ ಮನೆಯ ಬಾಗಿಲ ಹಿಡಿಯನ್ನು ಉಜ್ಜಿ. ಅದು ಎಷ್ಟೋ ದಿನದಿಂದ ಕಾಯುತ್ತಿದೆ.